ಮೇಜಿನ ಮೇಲಿದ್ದ ಪೆಟ್ಟಿಗೆ ಕಳಿಸಿದ ಸಂದೇಶ

ವಿಚಿತ್ರ ಅನುಭವ ಆಯಿತೆಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಚಿಂಚೋಳಿ ಕಾಡಿನ ರಸ್ತೆಯಲ್ಲಿ ಬೈಕು ತಾನೇ ನಿಂತುಬಿಟ್ಟಿತು ಎಂದು ಒಬ್ಬ ಗೆಳೆಯ ಕಣ್ಣರಳಿಸಿ ಹೇಳಿದಾಗ, ಪೆಟ್ರೋಲ್ ಹಾಕಿಸಿದ್ದೆಯಾ ಎಂದು ಕೇಳಿದ್ದೆ. ಅವನು ಆಮೇಲೆ ನನ್ನೊಂದಿಗೆ ಮಾತು ಕಡಿಮೆ ಮಾಡಿದ. ವಾಡಿ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುವಾಗ ಪಕ್ಕದ ಬೆಂಚಿನವರು ಇಂಥ ಕಥೆ ಶುರುಮಾಡಿದರೆ ಎದ್ದು ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ನಿಲ್ಲುತ್ತಿದ್ದೆ. ಬುದ್ಧಿಗೆ ಕೆಲಸ ಕೊಡಲು ಬೇಸರವಾದವರು ಪವಾಡ ನೋಡುತ್ತಾರೆ ಎಂಬುದು ನನ್ನ ಎಣಿಕೆಯಾಗಿತ್ತು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೇನೂ ಬೇಜಾರಿಲ್ಲ.

ನನ್ನ ಊರು ಶಹಾಬಾದ್. ಕೆಲಸ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ. ಯಾವುದೆಂದು ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತರೂ ಒಂದು ಚಿಮಣಿ ಕಾಣುತ್ತದೆ, ಬೇಕಾದದ್ದನ್ನು ಅಂದುಕೊಳ್ಳಿ. ಅಲ್ಲಿ ನನ್ನ ಕೆಲಸ ಒಂದು ಸಾಫ್ಟ್‌ವೇರಿನ ಲೆಕ್ಕವನ್ನು ಇನ್ನೊಂದು ಸಾಫ್ಟ್‌ವೇರಿಗೆ ಅರ್ಥವಾಗುವ ಹಾಗೆ ದಾಟಿಸುವುದು. ಪರದೆಯ ಮೇಲೆ ಚೌಕಗಳನ್ನು ಇಟ್ಟು ಬಾಣಗಳಿಂದ ಜೋಡಿಸುತ್ತೇನೆ. ಒಂದು ತುದಿಗೆ ಸಂದೇಶ ಬಂದು ಸರದಿಯಲ್ಲಿ ನಿಲ್ಲುತ್ತದೆ. ಅದು ಬಂದ ಕೂಡಲೇ ಚೌಕಗಳು ಎಚ್ಚರಗೊಂಡು, ಅದನ್ನು ಎತ್ತಿಕೊಂಡು, ಸರಿಯಿದೆಯೇ ಎಂದು ನೋಡಿ, ಇನ್ನೊಂದು ತುದಿಯಲ್ಲಿ ಒಂದು ಕೆಲಸ ಮಾಡಿಸುತ್ತವೆ. ನಡುವೆ ಮನುಷ್ಯರು ಬೇಕಿಲ್ಲ. ಸಂದೇಶ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದೇ ಅದು.

ಕಾರ್ಖಾನೆಯಲ್ಲಿ ಕ್ಲಿಂಕರ್ ಸಾಗಿಸುವ ಬೆಲ್ಟ್ ಒಂದಿದೆ. ಕ್ಲಿಂಕರ್ ಎಂದರೆ ಇನ್ನೂ ಪುಡಿಯಾಗದ ಸಿಮೆಂಟಿನ ಕರಿಗುಂಡು. ಆ ಬೆಲ್ಟ್ ನೆಲದಡಿಯ ಸುರಂಗದಲ್ಲಿ ಓಡಿ ರೈಲು ವ್ಯಾಗನ್ನುಗಳಿಗೆ ಮಾಲು ತುಂಬುತ್ತದೆ. ಓಡುವಾಗ ಚೆಲ್ಲುವ ಗುಂಡುಗಳನ್ನು ಬೆಲ್ಟ್ ನಿಲ್ಲಿಸಿ ಬಳಿಯಬೇಕು. ಬಳಿಯುವವರು ಸುತ್ತಲ ಹಳ್ಳಿಯ ಗುತ್ತಿಗೆ ಹೆಣ್ಣುಮಕ್ಕಳು. ಅವರು ಒಳಗಿರುವಾಗ ಯಾರಾದರೂ ಬೆಲ್ಟ್ ಶುರು ಮಾಡಿದರೆ ಏನಾಗುತ್ತದೆಂದು ನಾನು ವಿವರಿಸಬೇಕಿಲ್ಲ. ಅದಕ್ಕಾಗಿ ಸುರಂಗದ ಬಾಯಲ್ಲಿ ಕಾರ್ಡ್ ಓದುವ ಸಣ್ಣ ಪೆಟ್ಟಿಗೆ ಹಾಕಿದ್ದರು. ಕಾರ್ಡ್ ಮುಟ್ಟಿಸಿ ಒಳಗೆ ಹೋದರೆ "ಒಳಗೆ" ಎಂಬ ಸಂದೇಶ ಬರುತ್ತದೆ, ನನ್ನ ಚೌಕಗಳು ಬೆಲ್ಟಿಗೆ ಬೀಗ ಹಾಕುತ್ತವೆ. ಎಲ್ಲರ "ಹೊರಗೆ" ಬಂದ ಮೇಲೆ ಬೀಗ ಬಿಡುತ್ತದೆ. ಕಾರ್ಡಿನ ಸಂಖ್ಯೆ ಇಲ್ಲದ ಸಂದೇಶ ಬಂದರೆ ಅದನ್ನು ಬೇರೆ ಬುಟ್ಟಿಗೆ ಎಸೆಯುವ ಚೌಕವನ್ನೂ ಇಟ್ಟಿದ್ದೆ. ಧೂಳಿಗೆ, ಇಲಿಗೆ, ಗುಡುಗಿಗೆಲ್ಲ ಯಂತ್ರಗಳು ಏನೇನೋ ಒದರುತ್ತಿರುತ್ತವೆ.

ಕಾಗದದ ಮೇಲೆ ಇದು ಚೆಂದವಿತ್ತು. ನೆಲದ ಮೇಲೆ ಬೇರೆಯೇ ನಡೆಯುತ್ತಿತ್ತು. ಗುತ್ತಿಗೆ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಹಣಮಂತ ಎಲ್ಲ ಹೆಣ್ಣುಮಕ್ಕಳ ಕಾರ್ಡುಗಳನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ. ಬೆಳಿಗ್ಗೆ ತಾನೇ ಅಷ್ಟನ್ನೂ ಮುಟ್ಟಿಸುತ್ತಿದ್ದ, ಊಟದ ಹೊತ್ತಿಗೆ ತಾನೇ ಅಷ್ಟನ್ನೂ ಮುಟ್ಟಿಸುತ್ತಿದ್ದ. ಯಾಕಪ್ಪಾ ಎಂದು ಕೇಳಿದ್ದಕ್ಕೆ, "ಅವ್ರು ಕಳೀತಾರ್ರಿ. ನನ್ ಕಡಿ ಇದ್ರ ಭದ್ರ ಇರ್ತಾವ" ಎಂದ. ಭದ್ರ ಇರಬೇಕಾದದ್ದು ಕಾರ್ಡೋ ಹೆಂಗಸರೋ ಎಂಬ ಗೊಂದಲ ಅವನಿಗೆ ಎಂದೂ ಬಂದಿರಲಿಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಒಬ್ಬಾಕೆ ಬರಲಾಗದಿದ್ದರೆ ಅವಳ ಬದಲಿಗೆ ತಂಗಿಯೋ ನಾದಿನಿಯೋ ಬಂದು ಅದೇ ಕಾರ್ಡಿನ ಮೇಲೆ ದುಡಿದು ಹೋಗುತ್ತಿದ್ದರು. ಕೊರಳಲ್ಲಿ ಆ ಕಾರ್ಡುಗಳ ಹಾರ ಸರಿಯಿದ್ದರೆ ಹಣಮಂತನಿಗೆ ಮುಖ ಯಾವುದಾದರೇನು. ಇದೆಲ್ಲ ಮೇಲಿನವರಿಗೂ ಗೊತ್ತಿತ್ತು. ಸುರಕ್ಷತೆಯ ಬಗ್ಗೆ ಗೋಡೆ ತುಂಬ ಘೋಷಣೆ ಬರೆಸಿ ಅವರು ಕೈತೊಳೆದುಕೊಂಡಿದ್ದರು.

ಆ ಬೇಸಿಗೆಯಲ್ಲಿ ಸುರಂಗದ ಬಾಯಿಯ ಪೆಟ್ಟಿಗೆ ಕೆಟ್ಟಿತು. ಬಿಚ್ಚಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಮುಚ್ಚಳ ತೆಗೆದಿತ್ತು, ತಂತಿ ಕಿತ್ತಿತ್ತು, ಬಿಡಿಭಾಗ ಹೈದರಾಬಾದಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ಬಳಿಯುವ ಕೆಲಸ ನಿಲ್ಲಿಸಿ ಎಂದೆ. ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ನಕ್ಕರು. "ಕ್ಯಾಂಟೀನ್ ಗೇಟಿನ್ಯಾಗ ಒಂದು ಪೆಟ್ಟಿಗಿ ಅದಲ್ಲ, ಅಲ್ಲೇ ಮುಟ್ಟಸ್ತಾರ. ನಾಕು ದಿನ ನಡೀತದ" ಎಂದರು. ಸುರಂಗಕ್ಕೂ ಕ್ಯಾಂಟೀನಿಗೂ ನಡುವೆ ಅರ್ಧ ಕಾರ್ಖಾನೆ ಇದೆ. ಆದರೆ ಆ ಮನುಷ್ಯನಿಗೆ ಸುರಂಗ ಎಂದರೆ ನಕಾಶೆಯ ಮೇಲಿನ ಒಂದು ಗೆರೆ.

ಘಟನೆ ನಡೆದದ್ದು ಮಟಮಟ ಮಧ್ಯಾಹ್ನ. ಸೇಡಮಿನ ಬಿಸಿಲು ಹೇಗಿರುತ್ತದೆಂದು ಬಲ್ಲವರು ಬಲ್ಲರು. ಹೆಂಗಸರು ಊಟಕ್ಕೆ ಹೊರಟಿದ್ದರು, ಹಣಮಂತ ಕ್ಯಾಂಟೀನ್ ಗೇಟಿನಲ್ಲಿ ತನ್ನ ಹಾರ ಮುಟ್ಟಿಸಿದ್ದ. ನನ್ನ ಪರದೆಯಲ್ಲಿ ಎಲ್ಲ ಸಂಖ್ಯೆಗಳೂ "ಹೊರಗೆ" ಎಂದು ಬಂದವು. ಬೀಗ ಬಿಡಬೇಕಿತ್ತು. ಬಿಡಲಿಲ್ಲ.

ಕಂಟ್ರೋಲ್ ರೂಮಿನಿಂದ ವೀರೇಶ ಫೋನ್ ಮಾಡಿದ. ಚಿತ್ತಾಪುರದವನು, ಬೆಲ್ಟಿನ ಗುಂಡಿ ಒತ್ತುವ ಕೆಲಸ ಅವನದು. "ಸರ್, ಬೆಲ್ಟ್ ಬಿಡವಲ್ದು. ಒಳಗ ಒಬ್ಬರು ಅದಾರ ಅಂತ ತೋರಸಾಕತ್ತದ." ನಾನು ಸಂದೇಶಗಳ ಸರದಿ ತೆರೆದು ನೋಡಿದೆ. ಒಂದು ಸಂದೇಶ ಇತ್ತು. ಕಾರ್ಡ್ ಸಂಖ್ಯೆಯ ಜಾಗ ಖಾಲಿ. "ಒಳಗೆ" ಎಂಬುದು ಮಾತ್ರ ಇತ್ತು. ಬುಟ್ಟಿಗೆ ಬೀಳಬೇಕಾದ ಸಂದೇಶ ನನ್ನ ಚೌಕವನ್ನು ಹೇಗೋ ದಾಟಿ ಹೋಗಿ ಬೀಗ ಹಾಕಿತ್ತು. ನನ್ನ ಕೆಲಸದಲ್ಲೇ ದೋಷ ಸಿಕ್ಕಿತಲ್ಲ ಎಂದು ಸಿಟ್ಟು ಬಂತು. ಅಳಿಸಿದೆ. ಬೀಗ ಬಿಡುವ ಮೊದಲೇ ಹೊಸದೊಂದು ಬಂತು, ಅದೇ ತರಹದ್ದು, ಆ ಕ್ಷಣದ ಸಮಯ ಹೊತ್ತು. ಅದನ್ನೂ ಅಳಿಸಿದೆ. ಮತ್ತೆ ಬಂತು.

ಎಲ್ಲಿಂದ ಬರುತ್ತಿದೆ ಎಂದು ಆಗ ನೋಡಿದೆ. ಕಳಿಸಿದ ಯಂತ್ರದ ಹೆಸರು ಪ್ರತಿ ಸಂದೇಶದಲ್ಲೂ ಇರುತ್ತದೆ. ಇದರಲ್ಲಿದ್ದದ್ದು ಸುರಂಗದ ಬಾಯಿಯ ಪೆಟ್ಟಿಗೆಯ ಹೆಸರು.

ಆ ಪೆಟ್ಟಿಗೆ ನನ್ನ ಮೊಣಕೈ ಪಕ್ಕ ಬಿಚ್ಚಿಕೊಂಡು ಬಿದ್ದಿತ್ತು. ನಾನು ಅದನ್ನು ಎತ್ತಿ ತಿರುಗಿಸಿ ನೋಡಿದೆ. ಅದಕ್ಕೆ ಕರೆಂಟು ಇರಲಿಲ್ಲ, ಸೆಲ್ಲು ಇರಲಿಲ್ಲ, ಯಾವ ತಂತಿಯೂ ಇರಲಿಲ್ಲ. ಒಳಗಿನ ಹಲಗೆಯ ಮೇಲೆ ಸಿಮೆಂಟ್ ಧೂಳು ಮಾತ್ರ ಇತ್ತು. ಹಾಗೆ ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ಪರದೆಯ ಮೇಲೆ ಅದರ ಹೆಸರಿನಲ್ಲಿ ಇನ್ನೊಂದು ಸಂದೇಶ ಬಂತು. ನನಗೆ ಹೆದರಿಕೆಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹೆದರಿಕೆಯೇ.

ಅಷ್ಟರಲ್ಲಿ ಸಾಹೇಬರ ಫೋನ್. "ಏನ್ ಹಚ್ಚೀರಿ ಇದು? ವಾಡಿಯಿಂದ ವ್ಯಾಗನ್ ಬಂದು ನಿಂತಾವ. ಕಾರ್ಡ್ ಎಲ್ಲಾ ಹೊರಗ ಬಿದ್ದಾವ ಅಂತ ಹಣಮಂತ ಹೇಳಾಕತ್ತಾನ. ನಿಮ್ಮ ಆಟ ಬಂದ್ ಮಾಡಿ ಬೆಲ್ಟ್ ಬಿಡ್ರಿ."

ಬಿಡುವುದು ಸುಲಭವಿತ್ತು. ಚೌಕಗಳ ಇಡೀ ಸಾಲನ್ನೇ ನಿಲ್ಲಿಸುವ ಗುಂಡಿ ನನ್ನ ಎದುರಿಗಿತ್ತು. ಒತ್ತಿದ್ದರೆ ಸಂದೇಶ ಬಂದರೂ ಕೇಳುವವರು ಇರುತ್ತಿರಲಿಲ್ಲ. ಕೈ ಅದರ ಮೇಲೆಯೇ ಇತ್ತು. ಯಾಕೆ ಒತ್ತಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಒಳಗೆ ಯಾರೋ ಇದ್ದಾರೆ ಎಂಬ ನಂಬಿಕೆಯಿಂದ ಅಲ್ಲ. ಆ ಮನುಷ್ಯ "ಆಟ" ಎಂದದ್ದು ನನಗೆ ಉರಿಯಿತು. ಅವನ ಸೊಕ್ಕು ಮುರಿಯಬೇಕೆನಿಸಿತು. "ಯಾರನ್ನಾರ ಸುರಂಗದಾಗ ಕಳಸಿ ನೋಡಸ್ರಿ. ಖಾಲಿ ಅದ ಅಂತ ನಿಮ್ಮ ಹೆಸರಲೆ ಬರ್ದು ಕಳಸ್ರಿ. ಆಮ್ಯಾಗ ಬಿಡ್ತೀನಿ" ಎಂದೆ. ಆ ಕಡೆಯಿಂದ ಬೈಗುಳ ಬಂತು. ನನ್ನ ನೌಕರಿ, ನನ್ನ ಓದು, ಶಹಾಬಾದಿನ ಜನ, ಎಲ್ಲಕ್ಕೂ ಒಂದೊಂದು ಮಾತು ಸಿಕ್ಕಿತು. ಆದರೆ ಬರೆದುಕೊಡು ಎಂದರೆ ನಮ್ಮ ಸಾಹೇಬರುಗಳಿಗೆ ಪೆನ್ನು ಸಿಗುವುದಿಲ್ಲ. ಕೊನೆಗೆ ಹಣಮಂತನನ್ನೇ ಸುರಂಗಕ್ಕೆ ಅಟ್ಟಿದರು.

ಅವನು ಓಡಿ ಬಂದ. ಒಳಗೆ ಒಬ್ಬ ಹೆಂಗಸಿದ್ದಳು.

ಅವಳ ಹೆಸರು ಚಂದಮ್ಮ. ಚಿಂಚೋಳಿ ತಾಲೂಕಿನ ಐನಾಪುರದವಳು. ನಾದಿನಿಗೆ ಜ್ವರವೆಂದು ಅವಳ ಕಾರ್ಡಿನ ಮೇಲೆ ಅದೇ ದಿನ ಮೊದಲ ಸಲ ಬದಲಿ ಬಂದಿದ್ದಳು. ಸುರಂಗದ ಆ ತುದಿಯಲ್ಲಿ ಬೆಲ್ಟಿನ ಅಡಿಗೆ ತೆವಳಿ ಬಳಿಯುವಾಗ ಪಕ್ಕದ ಕ್ಲಿಂಕರ್ ರಾಶಿ ಜಾರಿ ಕಾಲು ಹೂತು ಹೋಗಿತ್ತು. ಜೊತೆಯವರಿಗೆ ಅವಳ ಪರಿಚಯವಿರಲಿಲ್ಲ, ಮುಂದೆ ಹೋಗಿರಬೇಕೆಂದುಕೊಂಡು ಊಟಕ್ಕೆ ನಡೆದಿದ್ದರು. ಧೂಳು ಹೀರುವ ಫ್ಯಾನುಗಳ ಸದ್ದಿನಲ್ಲಿ ಅವಳ ಕೂಗು ಯಾರಿಗೂ ಕೇಳಿರಲಿಲ್ಲ. ಬೆಲ್ಟ್ ಅವಳ ಎದೆಯಿಂದ ಗೇಣು ಮೇಲೆ ಇತ್ತಂತೆ. ಎಳೆದು ಹೊರತೆಗೆದಾಗ ಕಾಲು ಮುರಿದಿತ್ತು, ಜೀವ ಗಟ್ಟಿಯಿತ್ತು.

ಆಮೇಲೆ ನಡೆದದ್ದನ್ನೂ ಕೇಳಿ. ಬೆಲ್ಟ್ ಬಿಡಿ ಎಂದು ಬೈದಿದ್ದ ಅದೇ ಸಾಹೇಬರು ಸೇಡಮಿನ ಒಂದು ಸಭಾಂಗಣದಲ್ಲಿ ನಿಂತು, ನಮ್ಮ ವ್ಯವಸ್ಥೆ ಒಂದು ಜೀವ ಉಳಿಸಿತು ಎಂದು ಭಾಷಣ ಮಾಡಿದರು. ನನಗೊಂದು ಶಾಲು ಹೊದಿಸಿದರು. ಬೇರೆಯವರ ಕಾರ್ಡಿನ ಮೇಲೆ ದುಡಿದಳೆಂದು ಚಂದಮ್ಮನನ್ನೂ ಅವಳ ನಾದಿನಿಯನ್ನೂ ಕೆಲಸದಿಂದ ತೆಗೆದರು. ಹಣಮಂತ ಸುರಂಗದ ಬಾಯಿಗೆ ನಿಂಬೆಹಣ್ಣು ಕಟ್ಟಿ, ಒಳಗೆ ತಾಯಿ ಇದ್ದಾಳೆ ಎಂದು ಸಾರಿದ. ಇದ್ದ ತಾಯಿಯನ್ನು ಒಳಗೆ ಬಿಟ್ಟು ಊಟಕ್ಕೆ ಹೋದವನು ಇವನು.

ಹೈದರಾಬಾದಿನಿಂದ ತಜ್ಞರೊಬ್ಬರು ಬಂದರು. ಹಳೆಯ ಸಂದೇಶವೊಂದು ಎಲ್ಲೋ ಸಿಕ್ಕಿಕೊಂಡಿದ್ದು ಮತ್ತೆ ಮತ್ತೆ ಬಂದಿದೆ, ಇಂಥವು ಆಗುತ್ತಿರುತ್ತವೆ ಎಂದರು. ಹಳೆಯದಕ್ಕೆ ಆ ಕ್ಷಣದ ಸಮಯ ಹೇಗೆ ಬಂತು ಎಂದೆ. ಗಡಿಯಾರದ ದೋಷ ಎಂದರು. ಖಾಲಿ ಸಂಖ್ಯೆ ನನ್ನ ಚೌಕವನ್ನು ಹೇಗೆ ದಾಟಿತು ಎಂದೆ. ಟೀ ಕೇಳಿದರು. ಹಣಮಂತನ ನಿಂಬೆಹಣ್ಣಿಗೂ ಇವರ ವಿವರಣೆಗೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಿಂಬೆಹಣ್ಣಿಗೆ ಕಾರಿನ ಬಾಡಿಗೆ ಬೇಕಿರಲಿಲ್ಲ, ಅಷ್ಟೇ.

ನಾನೂ ಸುಮ್ಮನಿರಲಿಲ್ಲ. ಪೆಟ್ಟಿಗೆ ರಿಪೇರಿಯಾದ ಮೇಲೆ ಖಾಲಿ ಸಂಖ್ಯೆಯ ಸಂದೇಶಗಳನ್ನು ಬೇಕೆಂದೇ ಕಳಿಸಿ ನೋಡಿದೆ. ಪ್ರತಿ ಸಲವೂ ಅವು ತೆಪ್ಪಗೆ ಬುಟ್ಟಿಗೆ ಬಿದ್ದವು. ಒಂದೂ ದಾಟಲಿಲ್ಲ. ಚೌಕಗಳನ್ನು ಕಳಚಿ ಮೊದಲಿನಿಂದ ಜೋಡಿಸಿದೆ, ಒಬ್ಬ ಜಾಣ ಗೆಳೆಯನಿಗೂ ತೋರಿಸಿದೆ. ಅವನು ಸರಿಯಾಗಿದೆ ಎಂದ. ಸರಿಯಾಗಿದ್ದರೆ ಆ ಹೆಂಗಸು ಸಾಯಬೇಕಿತ್ತು. ಇದನ್ನು ಯಾರಿಗೆ ಹೇಳಲಿ?

ಕೆಲವು ತಿಂಗಳಾದ ಮೇಲೆ ಚಂದಮ್ಮ ಊರುಗೋಲು ಹಿಡಿದು ನಾದಿನಿಯ ಜೊತೆ ಕಾರ್ಖಾನೆಯ ಗೇಟಿಗೆ ಬಂದಳು. ಕೆಲಸ ಕೇಳಲು ಬಂದಿರಬೇಕೆಂದು ನಾನು ಮುಖ ತಪ್ಪಿಸಿ ನಡೆಯುತ್ತಿದ್ದೆ. ಅವಳೇ ಕರೆದಳು.

"ಸಾಹೇಬ್ರ, ನಿಂದರ್ರಿ. ನಾ ಒಳಗ ಇದ್ದೀನಂತ ನೀವೇ ಹೇಳಿದ್ರಿ ಅಂತಾರ. ಖರೇ ಏನ್ರಿ?"

"ಇಲ್ಲವ್ವ, ನನಗ ಮೆಸೇಜ್ ಬಂದಿತ್ತು" ಎಂದೆ.

"ಯಾರು ಕಳಿಸ್ಯಾರ್ರಿ?"

ಅವಳು ಊರುಗೋಲು ಗೋಡೆಗೆ ಆನಿಸಿ ಮೆಲ್ಲಗೆ ಹೇಳಿದಳು. "ಮೊದಲ ಭಾಳ ಒದರಿದ್ನಿರಿ. ಧೂಳು ಹೋಗಿ ಗಂಟಲೇ ಬಂದ್ ಆಯ್ತು. ಆಮ್ಯಾಗ ಕಣ್ಣು ಮುಚ್ಕೊಂಡು, ಒಳಗ ಅದೀನಿ, ಒಳಗ ಅದೀನಿ ಅಂತ ಮನಸಿನ್ಯಾಗೇ ಅನ್ಕೋತ ಬಿದ್ದಿದ್ದೆ. ಬಾಯಿ ಬಿಟ್ಟು ಅಂದಿಲ್ರಿ. ಅದು ಯಾರಿಗಿ ಕೇಳಸ್ತು ಹೇಳ್ರಿ. ಅವರಿಗಿ ಒಂದು ಮಾತು ಹೇಳಿ ಹೋಗಬೇಕಂತ ಬಂದೀನಿ."

ಅವಳ ನಾದಿನಿ ನನ್ನ ಮುಖ ನೋಡುತ್ತಿದ್ದಳು. ಗೇಟಿನ ಕಾವಲುಗಾರನೂ ನೋಡುತ್ತಿದ್ದ. ಇಂಥ ಮಾತು ಆಡಿದವರನ್ನು ನಾನು ಎಷ್ಟು ಸಲ ಹಂಗಿಸಿ ಎದ್ದು ಹೋಗಿದ್ದೆನೋ ಲೆಕ್ಕವಿಲ್ಲ. ಆ ದಿನ ಹಾಗೆ ನಡೆದುಹೋಗಲು ಆಗಲಿಲ್ಲ. ಬಿಸಿಲಲ್ಲಿ ಅವಳು ಇಷ್ಟು ದೂರ ಬಂದು ಕೇಳಿದ್ದಕ್ಕೆ ಕೊಡಲು ನನ್ನ ಹತ್ತಿರ ಒಂದು ಹೆಸರು ಕೂಡ ಇರಲಿಲ್ಲ. ನನಗೆ ಗೊತ್ತಿಲ್ಲವ್ವ ಎಂದೆ. ಗೋಡೆಗೆ ಆನಿಸಿದ್ದ ಊರುಗೋಲನ್ನು ತೆಗೆದು ಅವಳ ಕೈಗೆ ಕೊಟ್ಟೆ.