ಡರ್ಟಿ ಎಂದರೆ ಗಟ್ಟಿ

ಇವತ್ತು ಮಗಳು ಹೋಂವರ್ಕಿಗೆಂದು, ಕೊಳಕು ಎಂಬರ್ಥದ ‘ಡರ್ಟಿ’ ಪದಕ್ಕೆ ಸಮಾನಾರ್ಥಕ ಪದಗಳನ್ನು ಹುಡುಕುತ್ತಿದ್ದಳು. ಅನ್‌ಕ್ಲೀನ್, ಫಿಲ್ಥಿ ಎಂದು ಅವಳು ಓದುತ್ತಿದ್ದರೆ, ನಾನು ಎದ್ದು ಅಡುಗೆಮನೆಗೆ ಹೋದೆ.

ನನ್ನ ಬಾಲ್ಯದಲ್ಲಿ, ತಮಿಳುನಾಡಿನ ಉಡುಮಲೈಪೇಟೆಯಲ್ಲಿ ಅಪ್ಪ ಕೂಲಿಗೆ ತೆಂಗಿನಕಾಯಿ ಸುಲಿಯುತ್ತಿದ್ದರು. ಸಿಪ್ಪೆಯ ಕರೆ ಹತ್ತಿ ಅವರ ಅಂಗೈ ಸದಾ ಕಪ್ಪಗಿರುತ್ತಿತ್ತು. ಶಾಲೆಯಲ್ಲಿ ಅದೇ ಪದ ಬಳಸಿ ವಾಕ್ಯ ಬರೆಯಲು ಹೇಳಿದಾಗ, ನನ್ನ ಅಪ್ಪನ ಕೈ ಡರ್ಟಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಟೀಚರ್ ಕೆಂಪು ಶಾಯಿಯಲ್ಲಿ ‘ಗುಡ್’ ಹಾಕಿದರು.

ಓದು ಬಾರದ ಅಪ್ಪ ಆ ಕೆಂಪು ಅಕ್ಷರ ಕಂಡು, ಟವೆಲಿಗೆ ಕೈ ಒರೆಸಿಕೊಂಡು ನೋಟ್‌ಬುಕ್ ಹಿಡಿದರು. “ಏನ್ ಬರ್ದಿದೀಯ ಕಣ್ಣು?” ಎಂದು ಮುದ್ದಿನಿಂದ ಕೇಳಿದರು.

“ನಿಮ್ ಕೈ ಡರ್ಟಿ ಅಂತ. ಅಂದ್ರೆ ತುಂಬಾ ಗಟ್ಟಿ ಅಂತಪ್ಪಾ,” ಎಂದೆ.

ಮರುವಾರ ನಾನು ಮರೆತಿದ್ದ ಊಟದ ಡಬ್ಬಿ ಕೊಡಲು ಶಾಲೆಗೆ ಬಂದ ಅಪ್ಪ, ಟೀಚರ್ ಮುಂದೆ ಎರಡೂ ಕೈ ಚಾಚಿ, ತಮಿಳಿನಲ್ಲಿ ಹೆಮ್ಮೆಯಿಂದ, “ಎನ್ ಕೈ ರೊಂಬ ಡರ್ಟಿ, ಟೀಚರ್!” ಎಂದರು. ತರಗತಿಯೇ ನಕ್ಕಿತು. ಅಪ್ಪನೂ ಜೊತೆಗೆ ನಕ್ಕರು. ಟೀಚರ್ ಮಾತ್ರ ನಗದೆ ನನ್ನತ್ತ ನೋಡಿದರು. ನಾನು ತಲೆ ಎತ್ತಲಿಲ್ಲ.

ನಿಜವಾದ ಅರ್ಥವನ್ನು ಅವರಿಗೆ ಯಾರು ಹೇಳಿದರೋ ತಿಳಿಯದು. ಅಪ್ಪ ನನ್ನನ್ನು ಬೈಯಲಿಲ್ಲ. ಆದರೆ ಆಮೇಲೆ ಯಾವಾಗ ಬಂದರೂ ಶಾಲೆಯ ಗೇಟಿನ ಹೊರಗೇ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

ಈಗ ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ತಪ್ಪಾಯಿತಪ್ಪಾ ಎನ್ನಲು ನನಗಿನ್ನೂ ಬಾಯಿ ಬಂದಿಲ್ಲ.