ಅನಿಪಾ ಅಕ್ಕನ ಅರ್ಧ ಬಟ್ಟಲು

ಬಿಷ್ಕೆಕ್‌ನ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೀರ್ಪುಗಾರರ ಕೋಣೆಯ ಬಾಗಿಲು ಮುಚ್ಚಿತೆಂದರೆ ಆಮೇಲೆ ಒಳಗೆ ಹೋಗಿಬರುವ ಜೀವ ಒಂದೇ, ಚಹಾದ ಅನಿಪಾ ಅಕ್ಕ. ಆಕೆ ಹೊರಗೆ ಬಂದರೆ ಸಾಕು, ಮೊಗಸಾಲೆಯಲ್ಲಿ ಕಾದ ನಿರ್ದೇಶಕರು ಜೇನುನೊಣಗಳಂತೆ ಮುತ್ತುತ್ತಾರೆ. "ನೀರು ಕುದೀಬೇಕು, ದಾರಿ ಬಿಡ್ರಪ್ಪಾ" ಎನ್ನುವುದಷ್ಟೇ ಆಕೆಯ ಬಾಯಿಂದ ಹೊರಡುವ ಸುದ್ದಿ. ಅಕ್ಕನ ಹುಬ್ಬು ಏರಿದ್ದನ್ನೇ ನಂಬಿ, ಪ್ರಶಸ್ತಿ ತಮಗೇ ಎಂದು ಊರಿಗೆ ಫೋನು ಮಾಡಿ ಕುರಿ ಕೊಯ್ಯಿಸಿದವರೂ ಇದ್ದಾರೆ. ಒಳಗೆ ಆಕೆ ಬಗ್ಗಿಸುವುದು ಯಾವಾಗಲೂ ಅರ್ಧ ಬಟ್ಟಲು. ಆ ಸೀಮೆಯಲ್ಲಿ ಅರ್ಧವೆಂದರೆ ಮರ್ಯಾದೆ, ಅಂಚಿನವರೆಗೆ ತುಂಬಿದರೆ 'ಇನ್ನು ಎದ್ದು ಹೊರಡು' ಎಂದರ್ಥ. ಸಿನಿಮಾದುದ್ದಕ್ಕೂ ಗೊರಕೆ ಹೊಡೆದು ಆಮೇಲೆ ಅದನ್ನೇ ಹಳಿದವನಿಗೂ ಇಪ್ಪತ್ತು ವರ್ಷಗಳಲ್ಲಿ ಆಕೆ ತುಂಬಿ ಕೊಟ್ಟವಳಲ್ಲ. ಈ ಸಲ ಮೊಗಸಾಲೆಯಲ್ಲಿ ಉಗುರು ಕಚ್ಚುತ್ತ ನಿಂತವರಲ್ಲಿ ಆಕೆಯ ಮಗಳು ನುರ್ಜಾದಾಳೂ ಇದ್ದಳು. ಅವಳ ಸಿನಿಮಾಕ್ಕೂ ಇನ್ನೊಂದಕ್ಕೂ ಮೂರು ಮೂರು ಮತ ಬಿದ್ದು ನಾಲ್ಕು ತಾಸಾಗಿತ್ತು. ಒಳಗೆ ಅಕ್ಕ ಚಹಾದ ಹೂಜಿ ಹಿಡಿದು ಸುತ್ತಿನ ಮೇಲೆ ಸುತ್ತು ಅರ್ಧರ್ಧ ಬಟ್ಟಲು ಬಗ್ಗಿಸುತ್ತಲೇ ಇದ್ದಳು. ಕೊನೆಗೆ ತೀರ್ಪುಗಾರರ ಅಧ್ಯಕ್ಷ ಸಪರ್‌ಬಾಯ್ ಬಟ್ಟಲು ಚಾಚಿ, "ಹೋಗ್ಲಿ, ಅಕ್ಕನ ಮಗಳಿಗೇ ಕೊಟ್ಬಿಡೋಣ. ಇಪ್ಪತ್ತು ವರ್ಷ ಅಕ್ಕನ ಕೈ ಚಹಾ ಕುಡಿದ ಋಣ ಇದೆಯಲ್ಲ!" ಎಂದು ನಕ್ಕ. ಅಕ್ಕ ಹೂಜಿ ಎತ್ತಿದಳು. ಅವನ ಬಟ್ಟಲಿಗೆ, ಅಂಚು ಮೀರಿ ಮೇಜಿನ ಮೇಲೆ ಹರಿಯುವವರೆಗೂ, ಬಗ್ಗಿಸಿದಳು.