ಕೆಮ್ಮಿದರೆ ಬೇಡ

ಕೈಲಾಂಚದ ಲಕ್ಷ್ಮಯ್ಯ ಬಂದದ್ದು ಕುಡಿಯುವ ನೀರು ತುಂಬಿಡಲು ಒಂದು ಡ್ರಮ್ಮು ಕೊಳ್ಳಲಿಕ್ಕೆ. ರಾಮನಗರದಲ್ಲಿ, ಮೈಸೂರು ರಸ್ತೆಯ ಬದಿಗೆ ಸಮದ್ ಸಾಬರ ಹಳೆ ಡ್ರಮ್ಮಿನ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಗೇಟು, ನೀಲಿ ಡ್ರಮ್ಮುಗಳ ಗುಡ್ಡ, ಅದರ ಹಿಂದೆ ಮನೆ. ಸಾಬರು ಒಂದು ಡ್ರಮ್ಮಿನ ಬಾಯಿಗೆ ಮೂಗಿಟ್ಟು, ಉದ್ದಕ್ಕೆ ಉಸಿರೆಳೆದು, ತಲೆಯೆತ್ತಿ ತೀರ್ಪು ಕೊಟ್ಟರು.

"ಬರೀ ಸೋಪಿನ ನೀರು. ಒಸಿ ತೊಳೆದ್ರಾಯ್ತು, ಕುಡಿಯಕ್ಕೇ ತುಂಬ್ಕೋ."

"ಏನ್ ಸಾಬ್ರೇ, ತಮಾಷೇನಾ? ಸೀಮೆಎಣ್ಣೆ ಗಬ್ಬು ಬಸ್ ಸ್ಟಾಂಡ್ ಗಂಟ ಒಡೀತೈತೆ!"

ನನ್ನನ್ನೂ ಸೇರಿಸಿ ಅಲ್ಲಿದ್ದವರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದೆವು, ಆಶ್ಚರ್ಯಕ್ಕಲ್ಲ, ವಾಸನೆಗೆ. ಸಾಬರು ನೆಗಡಿ ಎಂದು ಸಮಜಾಯಿಷಿ ಕೊಟ್ಟರು.

"ಯಾವ ನೆಗಡಿ? ಒಂದ್ ಸೀನೂ ಕಾಣೆ!" ಎಂದು ಲಕ್ಷ್ಮಯ್ಯ ನಕ್ಕು ಮೊಪೆಡ್ ಹತ್ತಿದ. ನೆಗಡಿಯೇ ಆಗಿದ್ದರೆ ವಾಸಿಯಾಗುತ್ತಿತ್ತು.

ಮೊದಲು ಸಾಬರದು ರೇಷ್ಮೆ ನೂಲು ತೆಗೆಯುವ ಮನೆ. ಅದು ನಿಂತುಹೋಯಿತು. ಅಷ್ಟರಲ್ಲಿ ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದು, ಖಾಲಿ ಡ್ರಮ್ಮುಗಳು ಲಾರಿಯಲ್ಲಿ ಬರತೊಡಗಿದವು. ಬರುವಾಗಲೇ ಅವುಗಳ ಲೇಬಲ್ ಕೆರೆದು ಹಾಕಿರುತ್ತಿದ್ದರು. ಒಳಗೆ ಏನಿತ್ತೋ ಸಾಬರೇ ಕಂಡುಕೊಳ್ಳಬೇಕು. ಡ್ರಮ್ಮು ಬಾರಿಸುವವನಿಗೆ ಕಿವಿ ಬೇಕು, ಮಾರುವವನಿಗೆ ಮೂಗು.

ತಳದ ಹನಿಯನ್ನು ಲೋಟದ ನೀರಿಗೆ ಬಿಟ್ಟು ತೇಲುತ್ತದೋ, ಮುಳುಗುತ್ತದೋ, ಬೆರೆಯುತ್ತದೋ ನೋಡುವರು. ಬೆರಳಿಗೆ ಸವರಿ, ಜಾರಿದರೆ ಕಾಸ್ಟಿಕ್ ಸೋಡಾ, ತಣ್ಣಗಾಗಿ ಹಾರಿಹೋದರೆ ಬಣ್ಣದ ಥಿನ್ನರ್ ಎನ್ನುವರು. ನೀರಿನಂತೆಯೇ ಕಂಡು ನೀರಿನಲ್ಲೇ ಕರಗುವ ಕಳ್ಳರೂ ಇದ್ದರು. ಅವರನ್ನು ಹಿಡಿಯಲು ಮೂಗೊಂದೇ ದಾರಿ. ಗೊತ್ತಿಲ್ಲದ್ದನ್ನು ಮೂಸಬೇಡಿ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ಸಾಬರ ಅನ್ನವೇ ಮೂಸುವುದರಲ್ಲಿತ್ತು. ಮೂಸಿ ಮೂಸಿ ಮೂಗು ಸತ್ತಿತು.

ಅಂದು ಸಂಜೆ ಅವರು ಹೆಂಡತಿ ಮುನವ್ವರಾಗೆ ಹೇಳಿದರಂತೆ: "ಇವತ್ತು ಸೀಮೆಎಣ್ಣೆ, ಹೆಂಗೋ ಅವನೇ ಕಂಡುಹಿಡ್ದ. ನಾಳೆ ಬೇರೆ ಏನಾದ್ರೂ ಇದ್ರೆ? ಯಾರದಾದ್ರೂ ಮಗು ಕುಡಿದ್ಬುಟ್ರೆ?"

"ನನ್ನ ಮೂಗೇನು ಗಿರವೀಲೈತಾ?" ಎಂದಳಂತೆ ಆಕೆ.

ಅಂದಿನಿಂದ ಗಿರಾಕಿಗಳ ಮುಂದೆ ಸಾಬರು ಮೂಸುವ ಶಾಸ್ತ್ರ ಮಾಡುವುದು, ಮುನವ್ವರಾ ಡ್ರಮ್ಮು ಒರೆಸುವ ನೆಪದಲ್ಲಿ ಬಗ್ಗಿ ನಿಜವಾಗಿ ಮೂಸುವುದು. ಕುಡಿಯುವ ನೀರಿಗೆ ಆಗುವಂಥದ್ದಾದರೆ ಸುಮ್ಮನಿರಬೇಕು, ಆಗದಿದ್ದರೆ ಕೆಮ್ಮಬೇಕು. ಇಬ್ಬರ ಸಂಸಾರಕ್ಕೆ ಒಂದೇ ಮೂಗು. ಪಕ್ಕದ ಬೀದಿಯವನಾದ ನನಗೆ ಈ ಗುಟ್ಟು ಗೊತ್ತಿತ್ತು. ಕೆಮ್ಮು ಕೇಳಿದರೆ ಸಾಬರು ಠೀವಿಯಿಂದ, "ಇದು ಬ್ಯಾಡ, ಗೊಬ್ಬರಕ್ಕೆ ಮಾತ್ರ" ಎನ್ನುತ್ತಿದ್ದರು. ಲಕ್ಷ್ಮಯ್ಯನೂ ಮತ್ತೆ ಬಂದು ಡ್ರಮ್ಮು ಒಯ್ದ. ಒಂದು ಮನೆಯಲ್ಲೂ ಒಂದು ಮಗುವಿನ ಹೊಟ್ಟೆಯೂ ನೊಂದ ಸುದ್ದಿ ಬರಲಿಲ್ಲ.

ಹೀಗೇ ವರ್ಷಗಳು ಕಳೆದು, ಒಂದು ಚಳಿಗಾಲ ಬೇಡವಾದ ಡ್ರಮ್ಮುಗಳೇ ಹೆಚ್ಚಾದವು. ಗೇಟಿನವರೆಗೂ ಸಾಲು ಬೆಳೆಯಿತು. ನಾನಿದ್ದಾಗಲೇ ಸಾಬರು ರೇಗಿದರು.

"ಏನ್ ಮುನವ್ವರಾ, ಇದು ಸೋಪಿಂದೇ ಅಲ್ವಾ? ಬೆರಳಿಗೇ ಗೊತ್ತಾಯ್ತೈತೆ. ಇದಕ್ಕೂ ಕೆಮ್ಮುದ್ಯಲ್ಲ!"

ಆಕೆ ಡ್ರಮ್ಮಿನ ಅಂಚು ಹಿಡಿದು ನಿಂತಿದ್ದಳು. ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ಈ ಕೆಮ್ಮು ಡ್ರಮ್ಮಿಗಲ್ಲ, ಅಜೀ."

ಬೆಂಗಳೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಬೀಡಿ ಗೀಡಿ ಸೇದ್ತಿದ್ರಾ?" ಎಂದು ಕೇಳಿದರಂತೆ. "ಇಲ್ಲ ಸಾರ್, ಡ್ರಮ್ಮು" ಎಂದರಂತೆ ಸಾಬರು. ಡಾಕ್ಟರಿಗೆ ಅರ್ಥವಾಗಲಿಲ್ಲ. ರಂಜಾನಿಗೆ ಮೊದಲೇ ಮುನವ್ವರಾ ಹೋಗಿಬಿಟ್ಟಳು.

ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆ ಮುಗಿದ ಮೇಲೆ ಹೋದೆ. ಸಾಬರು ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಹೊಸ ಲೋಡು ಇಳಿದಿತ್ತು, ಎಲ್ಲವೂ ಲೇಬಲ್ ಇಲ್ಲದವು. ಮನೆಯ ಬಾಗಿಲು ತೆರೆದೇ ಇತ್ತು, ಒಳಗಿನಿಂದ ಸದ್ದಿಲ್ಲ. ಕೇಳಿದೆ:

"ಈಗ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಹೆಂಗೆ ಕಂಡುಹಿಡೀತೀರಿ, ಸಾಬ್ರೇ?"

"ಕಂಡುಹಿಡಿಯಕಿಲ್ಲ ಸಾರ್. ಎಲ್ಲಾದ್ರ ತಳಕ್ಕೂ ತೂತು ಹೊಡ್ದ್ಬುಡ್ತೀನಿ. ಕಸ ತುಂಬಕ್ಕೆ ತಗೊಂಡೋಯ್ತಾರೆ."